ಹಳದಿ ಜೂಲು

“ತೋಳು ಅಗಲ ಮಾಡೇ ಮುಂಡೆ, ಹೆಣದ ಥರ ನಿಂತ್ಕೋಬೇಡ,” ಎನ್ನುತ್ತ ಮೇಸ್ತ್ರಿ ಗ್ರೀಸಿನ ಬ್ರಷ್ಷನ್ನು ಸೊಸೆಯ ಎದೆಯ ಮೇಲೆ ಎಳೆದ.

ಎದೆಗೂ ಬ್ರಷ್ಷಿಗೂ ನಡುವೆ ಒಂದು ಹಳದಿ ಪ್ಲಾಸ್ಟಿಕ್ ಹಾಳೆ ಇತ್ತು, ಅಷ್ಟೇ ಪುಣ್ಯ. ಕತ್ತಿಗೊಂದು ದಾರ, ಸೊಂಟಕ್ಕೊಂದು ದಾರ ಕಟ್ಟಿ, ಮುಂದೆ ಮೊಣಕಾಲಿನವರೆಗೆ, ಹಿಂದೆಯೂ ಅಷ್ಟೇ ಉದ್ದಕ್ಕೆ ಇಳಿಬಿಟ್ಟ ಹಾಳೆ. ಎತ್ತಿಗೆ ಹೊದಿಸುವ ಜೂಲಿನ ಹಾಗೆ ಕಾಣುತ್ತಿದ್ದುದರಿಂದ ಹೆಂಗಸರು ಅದನ್ನು ಜೂಲು ಎಂದೇ ಕರೆಯುತ್ತಿದ್ದರು. ಜೂಲಿನ ಮೇಲೆ ಗ್ರೀಸು ಬಳಿಯುವುದು ಮೇಸ್ತ್ರಿಯ ಬೆಳಗಿನ ಕೆಲಸ. ಬೆನ್ನಿಗೆ ಎರಡು ಎಳೆತ, ತೊಡೆಗೆ ಎರಡು ಎಳೆತ. ಎದೆಗೆ ಬಂದಾಗ ಮಾತ್ರ ಅವನಿಗೆ ಲೆಕ್ಕ ತಪ್ಪುತ್ತಿತ್ತು.

“ಸಾಕು ಬಿಡೋ, ಗೋಡೆಗೆ ಸುಣ್ಣ ಬಳಿಯೋನೂ ಇಷ್ಟು ಸಲ ತೀಡಲ್ಲ,” ಎಂದು ಸಾಲಿನ ಹಿಂದಿನಿಂದ ಅತ್ತೆ ಕೂಗಿದಳು. “ಅಷ್ಟು ಆಸೆ ಇದ್ರೆ ಇಲ್ಲಿ ಬಾ. ನನ್ನವು ಸೊಂಟದ ತನಕ ಇಳಿದಿವೆ. ಬಳಿಯೋಕೆ ಜಾಗ ಜಾಸ್ತಿ.”

ಸಾಲಿನಲ್ಲಿದ್ದ ಹನ್ನೊಂದು ಹೆಂಗಸರೂ ನಕ್ಕರು. ಮೇಸ್ತ್ರಿ ಬ್ರಷ್ಷನ್ನು ಡಬ್ಬದೊಳಕ್ಕೆ ಎಸೆದು, “ಮುದಿ ಗೂಬೆ, ಬಾಯಿಗೆ ಬಳೀತೀನಿ ನಿಂಗೆ,” ಎಂದ. ಸೊಸೆ ನಗಲಿಲ್ಲ. ಡಬ್ಬದೊಳಗೆ ನೋಡುತ್ತಿದ್ದಳು. ಅದರಲ್ಲಿದ್ದದ್ದು ಹೊಸ ಗ್ರೀಸಲ್ಲ. ಸಂಜೆ ಜೂಲು ಬಿಚ್ಚಿದ ಮೇಲೆ ಮರದ ಚೂರಿನಿಂದ ಕೆರೆದು, ಸತ್ತ ನೊಣಗಳ ಸಮೇತ ಅದೇ ಡಬ್ಬಕ್ಕೆ ತುಂಬಬೇಕೆಂದು ಧಣಿಯ ಅಪ್ಪಣೆಯಾಗಿತ್ತು. ಇಪ್ಪತ್ತು ದಿನದ ನೊಣ ಅದರಲ್ಲಿತ್ತು. ಬೂದುಬಣ್ಣದ ಮುದ್ದೆ, ಹಳಸಿದ ಎಣ್ಣೆಯ ವಾಸನೆ. ದಿನವೂ ನೋಡುತ್ತಿದ್ದಳು, ದಿನವೂ ಮುಖ ತಿರುಗಿಸುತ್ತಿದ್ದಳು. ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಆಗಿರಲಿಲ್ಲ.

ಅವಳಿಗೂ ಒಂದು ಹೆಸರಿತ್ತು. ಹದಿನೈದು ವರ್ಷದ ಕೆಳಗೆ ಮದುವೆಯಾಗಿ ಧಣಿಯ ಸಾಲುಮನೆಗಳ ಕೊನೆಯ ಮನೆಗೆ ಬಂದಾಗ ಅತ್ತೆ ಬೀದಿಗೆಲ್ಲ ಕೇಳುವಂತೆ “ಸೊಸೇ” ಎಂದು ಕರೆಯಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಕೇಳಿಕೇಳಿ ಎಲ್ಲರಿಗೂ ಅವಳು ಸೊಸೆಯೇ ಆದಳು. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲೂ ಸೊಸೆ ಎಂದೇ ಬರೆದಿದೆ. ಗಂಡ ಧಣಿಯ ಹೊಲಕ್ಕೆ ಔಷಧಿ ಹೊಡೆಯುವವನಾಗಿದ್ದ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬೆನ್ನಿನ ಟ್ಯಾಂಕು ಸೋರಿ ಮೈಯೆಲ್ಲ ನೆನೆದು, ಬಾಯಲ್ಲಿ ನೊರೆ ಬಂದು ಬದುವಿನ ಮೇಲೆ ಬಿದ್ದ. ಹೆಣ ಮನೆ ಮುಟ್ಟುವ ಮೊದಲೇ ಟ್ಯಾಂಕನ್ನು ತೊಳೆದು ಇನ್ನೊಬ್ಬನ ಬೆನ್ನಿಗೆ ಕಟ್ಟಿದ್ದರು. ಉಳಿದವರು ಅತ್ತೆ, ಸೊಸೆ ಇಬ್ಬರೇ.

ಇಬ್ಬರಿಗೂ ಇದ್ದದ್ದು ಆ ಮನೆ, ಮತ್ತೆ ಮನೆಯ ಹಿಂದಿನ ಹತ್ತು ಸಾಲಿನ ಪಟ್ಟಿ. ಪಟ್ಟಿಯಲ್ಲಿ ಅವರೂ ಸೋಯಾಬೀನ್ ಹಾಕುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಧಣಿಗೆ, ಅರ್ಧ ಇವರಿಗೆ. ಸಾಲುಮನೆಯ ಕಟ್ಟಳೆ ಒಂದೇ: ಕೊಯ್ಲು ಇದ್ದವರಿಗೆ ಮನೆ. ಒಂದು ಬೆಳೆ ಕೈತಪ್ಪಿದರೂ ಸಾಮಾನು ಕಟ್ಟಿಕೊಂಡು ಹೊರಡಬೇಕು. ಕಳೆದ ವರ್ಷ ಮೂರನೇ ಮನೆಯವರು ಹಾಗೆ ಹೊರಟಿದ್ದರು. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ.

ಧಣಿಯ ಹೊಲದಲ್ಲಿ ಬೆಳೆದದ್ದು ತಿನ್ನುವ ಸೋಯಾ ಅಲ್ಲ, ಬೀಜಕ್ಕೆ ಹೋಗುವ ಸೋಯಾ. ಕಂಪನಿಯವರು ಕಳಿಸುವ ತಪಾಸಣೆಯ ಸಾಹೇಬ ಬಂದು ನೂರು ಗಿಡ ಎಣಿಸುತ್ತಾನೆ. ನೂರರಲ್ಲಿ ಒಂದಕ್ಕಿಂತ ಹೆಚ್ಚು ಗಿಡಕ್ಕೆ ಹಳದಿ ರೋಗವಿದ್ದರೆ ಬೀಜ ಬೇಡ ಎನ್ನುತ್ತಾನೆ. ಈ ಸಲ ಗಿಡ ಮೊಣಕಾಲೆತ್ತರ ಬರುವುದರೊಳಗೆ ಬಿಳಿನೊಣ ಬಂತು. ಎಳ್ಳಿಗಿಂತ ಚಿಕ್ಕ ನೊಣ. ಎಲೆಯ ಅಡಿಯಲ್ಲಿ ಕೂತು ರೋಗದ ಗಿಡದ ರಸ ಹೀರುತ್ತದೆ, ಹಾರಿ ಹೋಗಿ ಹಸಿರು ಗಿಡದ ರಸ ಹೀರುತ್ತದೆ, ಅಲ್ಲಿನ ನಂಜನ್ನು ಇಲ್ಲಿ ಬಿಡುತ್ತದೆ. ಹತ್ತು ಹನ್ನೆರಡು ದಿನಕ್ಕೆ ಹಸಿರೆಲೆಯ ಮೇಲೆ ಹಳದಿ ಕಲೆ ಏಳುತ್ತದೆ.

ಔಷಧಿಗೆ ನೊಣ ಜಗ್ಗಲಿಲ್ಲ. ಔಷಧಿ ಅಂಗಡಿಯ ಸಲಹೆಗಾರ ಬಂದು, ಬಿಳಿನೊಣಕ್ಕೆ ಹಳದಿ ಬಣ್ಣ ಕಂಡರೆ ಪ್ರಾಣ, ಹೊಲದ ತುಂಬ ಅಂಟು ಬಳಿದ ಹಳದಿ ಹಾಳೆ ಕಟ್ಟಿ ಎಂದು ಹೇಳಿ ಹೋದ. ಧಣಿ ಒಂದು ದಿನವೆಲ್ಲ ಯೋಚಿಸಿದ. ಮರುದಿನ ಸಾಲುಮನೆಯ ಮುಂದೆ ನಿಂತು, ಹೆಂಗಸರ ಕಡೆ ಕೈ ತೋರಿಸಿ, “ಹಾಳೆ ಕಟ್ಟಿದ್ರೆ ಕಟ್ಟಿದ ಕಡೆನೇ ಇರುತ್ತೆ. ಇವಕ್ಕೆ ಕಾಲಿದೆಯಲ್ಲ,” ಎಂದ. ಆ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ, ಬಂದ ನೆಂಟರಿಗೆಲ್ಲ ಹೇಳಿ ನಗಿಸಿದ. ಮೊದಲ ದಿನ ಹೆಂಗಸರೂ ನಕ್ಕಿದ್ದರು. ಒಬ್ಬರ ಬೆನ್ನು ಒಬ್ಬರಿಗೆ ಅಂಟಿಕೊಂಡು ಬಿಡಿಸಿಕೊಳ್ಳಲಾಗದೆ ಬಿದ್ದುಬಿದ್ದು ನಕ್ಕಿದ್ದರು. ನಗು ಆ ದಿನಕ್ಕೇ ಮುಗಿಯಿತು.

*

ನಡೆಯುವ ಕ್ರಮ ಹೀಗೆ: ಒಬ್ಬೊಬ್ಬಳಿಗೂ ಒಂದು ಸಾಲು. ಎರಡೂ ಕೈಯಿಂದ ಗಿಡ ಅಲುಗಾಡಿಸಬೇಕು, ನೊಣ ಏಳುತ್ತದೆ, ಎದ್ದ ನೊಣದೊಳಕ್ಕೆ ಎದೆಯೊಡ್ಡಿ ನಡೆಯಬೇಕು. ಒಲೆಯ ಬೂದಿಗೆ ಊದಿದ ಹಾಗೆ ಏಳುತ್ತದೆ ಅದು. ಜೂಲಿಗೆ ಅಂಟಿದ್ದು ಅಂಟಿತು. ಉಳಿದದ್ದು ಮೂಗಿಗೆ, ಕಣ್ಣಿಗೆ, ಕಿವಿಗೆ. ಕೈಗೆಲ್ಲ ಗ್ರೀಸು, ಕಣ್ಣೊರೆಸುವ ಹಾಗಿಲ್ಲ. ಬಾಯಿ ಬಿಟ್ಟರೆ ನಾಲಿಗೆಯ ಮೇಲೆ ಕೂರುತ್ತದೆ. ಕಹಿಯಲ್ಲ, ಹುಳಿಯಲ್ಲ, ಸುಮ್ಮನೆ ಹಿಟ್ಟಿನ ಹಾಗೆ ಮೆತ್ತಗೆ. ಎಲೆಯ ಮೇಲೆ ನೊಣ ಬಿಟ್ಟ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಅದು ಮೊಣಕೈವರೆಗೆ ಮೆತ್ತಿ, ಬಿಸಿಲಿಗೆ ಒಣಗಿ, ಚರ್ಮವನ್ನು ಬಿಗಿಯುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ತುತ್ತಿನಲ್ಲೂ ಅದೇ ವಾಸನೆ. ಕುಳ್ಳಿ ಎಂಬ ಎರಡನೇ ಮನೆಯ ಹೆಂಗಸು ಮೊದಲ ವಾರವೇ ಮಧ್ಯಾಹ್ನದ ಊಟ ಬಿಟ್ಟಿದ್ದಳು. “ಉಪವಾಸ ಇದ್ರೂ ಹೊಟ್ಟೆ ತುಂಬಿರುತ್ತೆ ಕಣಕ್ಕಾ, ನೊಣದಲ್ಲೇ,” ಎನ್ನುತ್ತಿದ್ದಳು.

ಜೂಲಿನ ನಡಿಗೆ ಎಲ್ಲರಿಗೂ ಕಾಣುವ ಕೆಲಸ. ಕಾಣದ ಕೆಲಸ ಇನ್ನೊಂದಿತ್ತು. ಬೆಳಕು ಹರಿಯುತ್ತಿದ್ದಂತೆ ಅತ್ತೆ, ಸೊಸೆ, ಕುಳ್ಳಿ ಮೂವರು ಮೊದಲೇ ಹೊಲಕ್ಕಿಳಿದು ಹಳದಿಯಾದ ಗಿಡಗಳನ್ನು ಕೀಳಬೇಕು. ಅದಕ್ಕೊಂದು ರೀತಿಯಿದೆ. ಗಿಡದ ಮೇಲೆ ಮೊದಲು ಗೋಣಿಚೀಲ ಕವುಚಬೇಕು, ಆಮೇಲೆ ಬುಡ ಹಿಡಿದು ಎಳೆಯಬೇಕು, ನೊಣ ಏಳದ ಹಾಗೆ ಚೀಲದ ಬಾಯಿ ಬಿಗಿಯಬೇಕು. ಕಿತ್ತ ಜಾಗ ಖಾಲಿ ಕಾಣದಂತೆ ಅಕ್ಕಪಕ್ಕದ ಗಿಡಗಳ ರೆಂಬೆ ಎಳೆದು ಒಂದಕ್ಕೊಂದು ಕಟ್ಟಬೇಕು. ಸಾಹೇಬ ಬಂದಾಗ ಹೊಲ ಹಸಿರಾಗಿರಬೇಕು, ಅಷ್ಟೇ.

ಕಿತ್ತ ಗಿಡ ಸುಡಬೇಕಾಗಿತ್ತು. ಹೊಗೆ ಎದ್ದರೆ ಊರಿಗೆಲ್ಲ ಗೊತ್ತಾಗುತ್ತದೆಂದು ಧಣಿ ಸುಡಿಸಲಿಲ್ಲ. ಚೀಲಗಳನ್ನು ಸಾಲುಮನೆಯ ಪಕ್ಕದ ಹಳೇ ಕೊಟ್ಟಿಗೆಯಲ್ಲಿ ಒಟ್ಟಿಸಿದ. ಕೊಟ್ಟಿಗೆಗೆ ಛಾವಣಿ ಇತ್ತು, ಹಿಂದಿನ ಗೋಡೆ ಅರ್ಧ ಬಿದ್ದಿತ್ತು. ಬಿದ್ದ ಗೋಡೆಯ ಆಚೆ ಸೊಸೆಯ ಪಟ್ಟಿ.

“ಮೇಸ್ತ್ರಿ, ಚೀಲ ಇಲ್ಲಿ ಬೇಡ,” ಎಂದು ಅವಳು ಎರಡನೇ ದಿನವೇ ಹೇಳಿದ್ದಳು. “ಗೋಣಿ ಕಣ್ಣಿಂದ ನೊಣ ಹೊರಗೆ ಬರುತ್ತೆ. ನನ್ನ ಪಟ್ಟಿ ಇಲ್ಲೇ ಇದೆ.”

“ನೊಣಕ್ಕೆ ನಿನ್ನ ಮನೆ ವಿಳಾಸ ಬರ್ಕೊಟ್ಟಿದ್ದೀಯಾ?” ಎಂದಿದ್ದ ಮೇಸ್ತ್ರಿ. “ಮುಚ್ಕೊಂಡು ಒಟ್ಟು.”

ಅವಳು ಒಟ್ಟಿದಳು. ದಿನವೂ ಆರು, ಏಳು, ಎಂಟು ಚೀಲ. ತನ್ನ ಕೈಯಾರೆ ಒಟ್ಟಿದಳು. ಅದು ಅವಳನ್ನು ಆಮೇಲೆ ಒಳಗೊಳಗೇ ತಿಂದಿತು.

ಹನ್ನೆರಡನೇ ದಿನ ಪಟ್ಟಿಯ ಮೊದಲ ಸಾಲಿನಲ್ಲಿ ಒಂದು ಎಲೆಗೆ ಹಳದಿ ಚುಕ್ಕೆ ಕಂಡಿತು. ಅತ್ತೆ ಅದನ್ನು ಉಗುರಿನಿಂದ ಕೆರೆದು ನೋಡಿದಳು, ಉಗುಳು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ಹದಿನೈದನೇ ದಿನಕ್ಕೆ ಮೂರು ಸಾಲು. ಇಪ್ಪತ್ತನೇ ದಿನಕ್ಕೆ ಹತ್ತೂ ಸಾಲಿನಲ್ಲಿ ಅಲ್ಲಲ್ಲಿ ಹಳದಿ, ನಡುವೆ ಮಾತ್ರ ಹಸಿರು ಉಳಿದಿತ್ತು.

“ಅರ್ಧ ಆದ್ರೂ ಕಾಯಿ ಕಟ್ಟುತ್ತೆ ಬಿಡು,” ಎಂದಳು ಅತ್ತೆ. “ಅರ್ಧದಲ್ಲಿ ಅರ್ಧ ಅವನಿಗೆ ಕೊಟ್ರೆ ಕೊಯ್ಲು ಅಂತಾಯ್ತು. ಮನೆ ಉಳೀತು.”

“ನಾನೇ ತಂದು ಒಟ್ಟಿದ್ದು ಅತ್ತೆ.”

“ನೀನು ಒಟ್ಟದಿದ್ರೆ ಅವನು ನಿನ್ನನ್ನೇ ಒಟ್ಟುತಿದ್ದ. ತಿನ್ನು, ಆರೋಗುತ್ತೆ.”

*

ಸಾಹೇಬ ಬಂದ ದಿನ ಧಣಿ ಬಿಳಿ ಬಟ್ಟೆ ಹಾಕಿದ್ದ. ಇಸ್ತ್ರಿಯ ಗೆರೆ ಕೈ ತಾಗಿದರೆ ಕೊಯ್ಯುವಂತಿತ್ತು. ಸಾಹೇಬ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಾರಿನಿಂದಿಳಿದ. ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಫಾರಂ, ಜೇಬಿನಲ್ಲಿ ಕಪ್ಪು ಪೆನ್ನು, ಕತ್ತಿನಲ್ಲಿ ಜೋತುಬಿದ್ದ ಭೂತಗನ್ನಡಿ. ಮೊದಲು ಒಂದು ಹೂವು ಕಿತ್ತು ನೋಡಿ, “ಹೂವಿನ ಬಣ್ಣ ನೇರಳೆ. ತಳಿ ಸರಿ ಇದೆ,” ಎಂದು ಬರೆದುಕೊಂಡ. ಸೊಸೆ ಅದನ್ನು ಗಮನಿಸಿದಳು. ಧಣಿಯ ಹೊಲದ ಸೋಯಾ ನೇರಳೆ ಹೂ ಬಿಡುತ್ತದೆ, ಸಾಲುಮನೆಯವರ ಹಳೇ ಸೋಯಾ ಬಿಳಿ ಹೂ ಬಿಡುತ್ತದೆ. ಕೀಳುವವರಿಗೆ ಗೊತ್ತಿದ್ದ ಈ ಸಂಗತಿ ಧಣಿಗೆ ಗೊತ್ತಿತ್ತೋ ಇಲ್ಲವೋ. ಅವನು ಹೊಲಕ್ಕಿಳಿದು ವರ್ಷಗಳೇ ಆಗಿದ್ದವು.

ಸಾಹೇಬನ ಕಣ್ಣು ಹೊಲದಲ್ಲಿ ನಿಂತಿದ್ದ ಹನ್ನೆರಡು ಹಳದಿ ಹೆಂಗಸರ ಮೇಲೆ ಬಿತ್ತು.

“ಇದೇನ್ರೀ ಇದು?”

“ನಮ್ಮದೇ ಪ್ರಯೋಗ ಸಾಹೇಬ್ರೇ. ಹಾಳೆಗೆ ಕಾಲಿಲ್ಲ, ಇವಕ್ಕಿದೆ,” ಎಂದು ಧಣಿ ಹಲ್ಲು ಕಿರಿದ.

ಸಾಹೇಬ ನಗುತ್ತ ಹತ್ತಿರ ಬಂದ. “ಇಂಟರೆಸ್ಟಿಂಗ್! ನೀನು ಬಾರಮ್ಮ. ಹಾಂ, ನೀನೇ. ಅಷ್ಟೇ, ಅಷ್ಟೇ, ಮೇಲೆ ಬೀಳಬೇಡ.” ಸೊಸೆ ಅರ್ಧ ಮಾರು ದೂರದಲ್ಲಿ ನಿಂತಳು. ಅವನು ಜೇಬಿನಿಂದ ಪೆನ್ನು ತೆಗೆದು, ಕೈ ಚಾಚಿ, ಅವಳ ಎದೆಯ ಮೇಲಿನ ಹಾಳೆಯಲ್ಲಿ ಒಂದು ಚೌಕ ಗೀಚಿದ. ಗ್ರೀಸಿನಲ್ಲಿ ಪೆನ್ನು ಜಾರಿತು. ಒತ್ತಿ ಗೀಚಿದ. ಆಮೇಲೆ ಭೂತಗನ್ನಡಿ ಹಿಡಿದು ಚೌಕದೊಳಗಿನ ನೊಣ ಎಣಿಸಲು ಬಗ್ಗಿದ.

“ಅಲ್ಲಾಡಬೇಡ. ಉಸಿರು ಬಿಡಬೇಡ, ಲೆಕ್ಕ ತಪ್ಪುತ್ತೆ.”

ಉಸಿರು ಬಿಗಿಹಿಡಿದು ನಿಂತಳು. ಅವನ ನೆತ್ತಿ ಅವಳ ಗಲ್ಲದ ಕೆಳಗಿತ್ತು. ತಲೆಗೆ ಹಚ್ಚಿದ ಸುಗಂಧದ ಎಣ್ಣೆ, ಕರವಸ್ತ್ರದೊಳಗಿನ ಉಸಿರು, ಇಪ್ಪತ್ತು ದಿನದ ಗ್ರೀಸು, ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಮೇಸ್ತ್ರಿ ಮಾತ್ರ ಚೌಕವನ್ನೇ ನೋಡುತ್ತಿದ್ದ.

“ಇಪ್ಪತ್ತೆಂಟು,” ಎಂದ ಸಾಹೇಬ. ಬರೆದುಕೊಂಡ. “ಫೋಟೋ ತೆಗೀರಿ. ಮುಖ ಬೇಡ, ಕತ್ತಿನಿಂದ ಕೆಳಗೆ ಸಾಕು.” ಮೇಸ್ತ್ರಿ ಫೋನಿನಲ್ಲಿ ಫೋಟೋ ತೆಗೆದ. ಪೆನ್ನಿನ ತುದಿಗೆ ಗ್ರೀಸು ಹತ್ತಿತ್ತು. ಸಾಹೇಬ ಅದನ್ನು ಒರೆಸಲು ಸುತ್ತ ನೋಡಿ, ಸೊಸೆಯ ತೋಳಿನ ಬಟ್ಟೆಗೇ ಒರೆಸಿ ಜೇಬಿಗಿಟ್ಟ.

ನೂರು ಗಿಡ ಎಣಿಸಿದ. ಬೆಳಿಗ್ಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಿತ್ತಿದ್ದರೂ ಮೂರು ಹಳದಿ ಗಿಡ ಉಳಿದಿದ್ದವು. ಒಂದರ ಎಲೆ ಬೇಕೆಂದ. ಸೊಸೆ ಕಿತ್ತು ಕೊಡಲು ಹೋದಳು. “ಕೈಗೆ ಬೇಡ, ಕೆಳಗಿಡು,” ಎಂದ. ಅವಳು ನೆಲದ ಮೇಲಿಟ್ಟು ಹಿಂದೆ ಸರಿದ ಮೇಲೆ ಚಿಮಟದಿಂದ ಎತ್ತಿಕೊಂಡ.

“ಮೂರು ಪರ್ಸೆಂಟ್ ಧಣಿಗಳೇ. ಬೀಜಕ್ಕೆ ಆಗಲ್ಲ ಇದು.”

ಧಣಿಯ ಮುಖ ಬಿಳಿ ಬಟ್ಟೆಗಿಂತ ಬೆಳ್ಳಗಾಯಿತು. ನಾಲ್ಕು ದಿಕ್ಕಿಗೂ ನೋಡಿದ. ಸಾಲುಮನೆಯ ಹಿಂದೆ ಹಳದಿಯಾಗಿ ಮಲಗಿದ್ದ ಪಟ್ಟಿ ಕಂಡಿತು. ಅದನ್ನು ಕಂಡದ್ದೇ ಅವನಿಗೆ ಜೀವ ಬಂತು.

“ಅಯ್ಯೋ, ಅಲ್ಲಿ ನೋಡಿ ಸಾಹೇಬ್ರೇ! ಈ ದರಿದ್ರದವರು ಎಲ್ಲಿಂದಲೋ ಹುಳುಕು ಬೀಜ ತಂದು ಹಾಕ್ತಾರೆ. ರೋಗ ಅಲ್ಲಿಂದ ಬಂದಿರೋದು. ಗಲೀಜು ಜನ. ಮೈಗೆ ನೀರು ಹಾಕಲ್ಲ, ಗಿಡಕ್ಕೆ ಮದ್ದು ಹಾಕಲ್ಲ.”

ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. “ಧಣೀ,” ಎಂದಳು. “ನಿಮ್ಮ ಗಿಡದ ಚೀಲ...”

“ಬಾಯಿ ಮುಚ್ಚೇ ಹಾದರಗಿತ್ತಿ!”

ಸಾಹೇಬ ಪಟ್ಟಿಯ ಕಡೆ ನೋಡಿದ, ಕೊಟ್ಟಿಗೆಯ ಕಡೆ ನೋಡಿದ, ಗಡಿಯಾರ ನೋಡಿದ. ಊಟದ ಹೊತ್ತಾಗಿತ್ತು. ಧಣಿಯ ಮನೆಯಿಂದ ಹುರಿದ ಮಾಂಸದ ವಾಸನೆ ಬರುತ್ತಿತ್ತು. “ರೋಗದ ಮೂಲ, ಪಕ್ಕದ ಪಾಲುದಾರರ ಹೊಲ ಅಂತ ಬರೀತೀನಿ,” ಎಂದ. “ಅದನ್ನ ಪೂರ್ತಿ ಕೀಳಿಸಿಬಿಡಿ. ಊಟ ಆದ್ಮೇಲೆ ಬೇರೆ ಮೂಲೇಲಿ ಇನ್ನೊಂದ್ಸಲ ಎಣಿಸೋಣ. ಸರಿಯಾದ ಮೂಲೆ ನೀವೇ ತೋರಿಸಿ.”

ಇಬ್ಬರೂ ನಕ್ಕರು. ಧಣಿ ತಿರುಗಿ ಸೊಸೆಗೆ ಹೇಳಿದ: “ಕೇಳಿಸ್ತಾ? ಸಾಹೇಬರ ಊಟ ಮುಗಿಯೋದ್ರೊಳಗೆ ಒಂದು ಗಿಡ ಇರಬಾರದು. ನೀನೇ ಕೀಳಬೇಕು.”

ಅತ್ತೆ ಮುಂದೆ ಬಂದು ನೆಲದ ಮೇಲೆ ಕೂತಳು. ಯಾರ ಮುಂದೆಯೂ ಬಾಗದ ಮುದುಕಿ ಎರಡೂ ಕೈ ಜೋಡಿಸಿದ್ದನ್ನು ಸೊಸೆ ಮೊದಲ ಸಲ ನೋಡಿದಳು. “ಬೇಡ ಧಣಿ. ಅರ್ಧ ಗಿಡ ಚೆನ್ನಾಗಿವೆ. ಕೊಯ್ಲು ಇಲ್ಲದಿದ್ರೆ ಮನೆ ಹೋಗುತ್ತೆ. ನನ್ನ ಮಗ ನಿಮ್ಮ ಕೆಲಸದಲ್ಲೇ ಸತ್ತ.”

“ಸತ್ತೋನು ಹಾಳು ಮಾಡಿದ ಟ್ಯಾಂಕು ನನ್ನದೇ. ಅದರ ದುಡ್ಡು ಕೇಳಿದ್ನಾ ನಾನು?” ಎಂದ ಧಣಿ. “ಕೊಯ್ಲು ಇಲ್ಲ ಅಂದ್ಮೇಲೆ ಮನೆ ಯಾಕೆ? ತಿಂಗಳ ಕೊನೆಗೆ ಖಾಲಿ ಮಾಡಿ. ಏಳು, ಸಾಹೇಬರ ದಾರಿಗೆ ಅಡ್ಡ ಕೂತಿದ್ದೀಯ.”

ಸಾಹೇಬ ಅತ್ತೆಯನ್ನು ಸುತ್ತುಹಾಕಿ ಹೋದ. ಹೋಗುವಾಗ ಕರವಸ್ತ್ರವನ್ನು ಇನ್ನಷ್ಟು ಬಿಗಿ ಮಾಡಿಕೊಂಡ.

*

ಸೊಸೆ ಕಿತ್ತಳು. ಜೂಲು ಬಿಚ್ಚಲು ಪುರುಸೊತ್ತಿರಲಿಲ್ಲ, ಜೂಲಿನಲ್ಲೇ ಕಿತ್ತಳು. ಮೊದಮೊದಲು ಹಳದಿ ಗಿಡ ಕಿತ್ತಳು, ಅದು ಸುಲಭವಾಗಿತ್ತು. ಹಸಿರು ಗಿಡಕ್ಕೆ ಕೈ ಹಾಕಿದಾಗ ಬೇರು ಮಣ್ಣನ್ನು ಬಿಡಲಿಲ್ಲ. ಬೇರಿನಲ್ಲಿ ಗಂಟುಗಂಟಾಗಿ ಬಿಳಿ ಕಾಳುಗಳಿದ್ದವು, ಆರೋಗ್ಯವಂತ ಗಿಡದ ಗುರುತು. ಎಲೆಕಡ್ಡಿಯ ಬುಡದಲ್ಲಿ ಕಡಲೆಗಿಂತ ಚಿಕ್ಕ ಕಾಯಿ ಆಗಲೇ ಮೂಡಿತ್ತು. ಅತ್ತೆ ಹಿಂದೆ ಹಿಂದೆ ಬಂದು ಕಿತ್ತ ಗಿಡ ಒಟ್ಟುತ್ತಿದ್ದಳು. ಮೇಸ್ತ್ರಿ ಕೊಟ್ಟಿಗೆಯ ನೆರಳಿನಲ್ಲಿ ಕೂತು ಹಲ್ಲಿಗೆ ಕಡ್ಡಿ ಹಾಕುತ್ತ, “ಬೇಗ, ಬೇಗ, ಅಲ್ಲಿ ಸಾಹೇಬ್ರು ಕೈ ತೊಳೆದ್ರು,” ಎನ್ನುತ್ತಿದ್ದ.

ಎಂಟನೇ ಸಾಲಿನಲ್ಲಿ ಸೊಸೆ ನಿಂತಳು. ಕೈಯಲ್ಲಿದ್ದ ಗಿಡದ ಹೂವು ನೋಡಿದಳು. ಬಿಳಿ. ತಲೆಯೆತ್ತಿ ಕೊಟ್ಟಿಗೆ ನೋಡಿದಳು.

“ಅತ್ತೆ, ಬೆಳಿಗ್ಗೆ ಕಿತ್ತಿದ್ದು ಎಷ್ಟು ಚೀಲ?”

“ಏಳು. ಯಾಕೆ?”

“ಹೂವು ಇತ್ತಾ?”

ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದಳು. “ಇತ್ತು,” ಎಂದಳು. “ನೇರಳೆ.”

ಕೊಟ್ಟಿಗೆಗೆ ಹೋದ ಸೊಸೆಯನ್ನು ಮೇಸ್ತ್ರಿ ತಡೆಯಲು ಎದ್ದ. ಎದ್ದವನು ಅವಳ ಜೂಲು ನೋಡಿ ಅರ್ಧದಲ್ಲೇ ನಿಂತ. ಅಂದು ಅವನೂ ಒಗೆದ ಅಂಗಿ ಹಾಕಿದ್ದ. “ಏಯ್, ಏಯ್,” ಎಂದನೇ ಹೊರತು ಕೈ ಮುಂದೆ ಬರಲಿಲ್ಲ. ಇಪ್ಪತ್ತು ದಿನ ಅವಳ ಎದೆಗೆ ಬಳಿದವನಿಗೆ ಈಗ ಬೆರಳು ತಾಗಿಸಲು ಅಸಹ್ಯವಾಯಿತು. ಅದು ಸೊಸೆಗೆ ಕಂಡಿತು. ಅವಳು ಎದೆಯೊಡ್ಡಿ ಒಂದು ಹೆಜ್ಜೆ ಮುಂದಿಟ್ಟಳು. ಅವನು ಎರಡು ಹೆಜ್ಜೆ ಹಿಂದೆ ಹೋದ.

“ಓಹೋ,” ಎಂದಳು ಅತ್ತೆ. “ಇದು ಹಿಂಗಾ!”

ಬೆಳಗಿನ ಚೀಲಗಳಲ್ಲಿ ಒಂದು ಸೊಸೆಯ ಹೆಗಲಿಗೇರಿತು, ಒಂದು ಕುಳ್ಳಿಯ ಹೆಗಲಿಗೆ. ಅತ್ತೆ ಖಾಲಿ ಕೈಯಲ್ಲಿ ಮುಂದೆ ನಡೆದಳು. ಹೊಲದಲ್ಲಿದ್ದ ಉಳಿದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಕರೆಯುವವರೆಗೆ ಕಾಯಲಿಲ್ಲ, ಒಬ್ಬೊಬ್ಬರಾಗಿ ಸಾಲು ಬಿಟ್ಟು ಹಿಂದೆ ಬಂದರು.

*

ಧಣಿಯ ಮನೆಯ ಜಗಲಿಯವರೆಗೆ ಎಲ್ಲರೂ ಈ ಮೊದಲೂ ಬಂದಿದ್ದರು. ಹೊಸಿಲು ದಾಟಿದವರು ಯಾರೂ ಇಲ್ಲ. ಸೊಸೆ ದಾಟಿದಳು. ಕಾಲಡಿಯ ನೆಲ ಎಷ್ಟು ನುಣುಪಾಗಿತ್ತೆಂದರೆ ಕಾಲು ಜಾರಿತು. ಒಳಗೆ ಬಿಳಿ ಹಾಸಿನ ಮೇಜು, ಬಿಳಿ ತಟ್ಟೆ, ತಟ್ಟೆಯಲ್ಲಿ ಬೆಳ್ಳಗೆ ಹಬೆಯಾಡುವ ಅನ್ನ, ಮಧ್ಯೆ ಹುರಿದ ಮಾಂಸದ ರಾಶಿ. ಸಾಹೇಬ ಕರವಸ್ತ್ರ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡಿದ್ದ. ಫಾರಂ, ಪೆನ್ನು ತಟ್ಟೆಯ ಪಕ್ಕದಲ್ಲಿದ್ದವು. ಧಣಿ ನಿಂತು ತಾನೇ ಬಡಿಸುತ್ತಿದ್ದ.

ಯಾರೂ ಏನೂ ಹೇಳುವ ಮೊದಲೇ ಸೊಸೆ ಚೀಲದ ಬಾಯಿ ಬಿಚ್ಚಿ ಮೇಜಿನ ಮೇಲೆ ಮಗುಚಿದಳು.

ಗಿಡ ಬಿತ್ತು, ಬೇರಿನ ಮಣ್ಣು ಬಿತ್ತು, ಬಾಡಿ ಮೆತ್ತಗಾದ ಎಲೆ ಪಚಕ್ಕೆಂದು ಮಾಂಸದ ಮೇಲೆ ಬಿತ್ತು. ಆಮೇಲೆ ನೊಣ ಎದ್ದಿತು. ಬೆಳಗಿನಿಂದ ಉಸಿರುಗಟ್ಟಿ ಕೂತಿದ್ದ ನೊಣ, ಮೇಜಿನಗಲ ಬೂದಿಯಾಗಿ ಎದ್ದು, ನಿಧಾನವಾಗಿ ಇಳಿಯಿತು. ಅನ್ನದ ಮೇಲೆ ಇಳಿಯಿತು. ಬಿಳಿಯ ಮೇಲೆ ಬಿಳಿ, ಕಾಣಲಿಲ್ಲ. ಅಗುಳು ಅಲುಗಾಡಿದಂತಷ್ಟೇ ಕಂಡಿತು. ಸಾಹೇಬನ ಬಾಯಲ್ಲಿ ತುತ್ತಿತ್ತು. ಉಗುಳಿದ. ನಾಲಿಗೆ ಹೊರಚಾಚಿ ಕೈಯಿಂದ ಒರೆಸಿಕೊಂಡ, ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಕೈಗೆ ಸಿಕ್ಕಿದ ಫಾರಂ ಎಳೆದು ತಟ್ಟೆಯ ಮೇಲೆ ಮುಚ್ಚಿದ.

“ಹೂವು ನೋಡಿ ಸಾರ್,” ಎಂದಳು ಸೊಸೆ. ಒಂದು ಗಿಡ ಎತ್ತಿ ಅವನ ಮುಖದ ಮುಂದೆ ಹಿಡಿದಳು. “ನೇರಳೆ. ನನ್ನದು ಬಿಳಿ ಹೂವು. ಇದು ಇವತ್ತು ಬೆಳಿಗ್ಗೆ ಧಣಿ ಹೊಲದಲ್ಲಿ ಕಿತ್ತಿದ್ದು. ಏಳು ಚೀಲ. ಇಪ್ಪತ್ತು ದಿನದಿಂದ ಕೀಳ್ತಾ ಇದ್ದೀವಿ. ಎಲ್ಲ ಕೊಟ್ಟಿಗೇಲಿದೆ, ನನ್ನ ಪಟ್ಟಿ ಪಕ್ಕ.”

ಸಾಹೇಬ ಗಿಡ ನೋಡಲಿಲ್ಲ, ಧಣಿಯನ್ನು ನೋಡಿದ. “ಊಟದ ಹೊತ್ತಲ್ಲಿ ತಪಾಸಣೆ ಇಲ್ಲಮ್ಮ,” ಎಂದ.

“ಯಾವಳೇ ನಿನ್ನ ಒಳಗೆ ಬಿಟ್ಟಿದ್ದು, ಸೂಳೆಮುಂಡೆ!” ಧಣಿ ಸೌಟು ಎಸೆದು ಬಂದವನೇ ಎರಡೂ ಕೈಯಿಂದ ಅವಳ ಎದೆಗೆ ಕೊಟ್ಟು ತಳ್ಳಿದ. ಅವಳು ಅಲ್ಲಾಡಲಿಲ್ಲ, ಹಿಂದೆ ಕುಳ್ಳಿ ಇದ್ದಳು, ಕುಳ್ಳಿಯ ಹಿಂದೆ ಉಳಿದವರಿದ್ದರು. ಅಲ್ಲಾಡಿದ್ದು ಧಣಿ. ಕೈ ಅಂಟಿತ್ತು. ಕಿತ್ತುಕೊಂಡಾಗ ಅಂಗೈಗೆ ಗ್ರೀಸು, ಗ್ರೀಸಿನ ತುಂಬ ನೊಣ. ಕೆಲವು ಇನ್ನೂ ರೆಕ್ಕೆ ಬಡಿಯುತ್ತಿದ್ದವು. ಅವನ ಮುಖ ಕಿವಿಚಿತು. ಯೋಚಿಸದೆ, ಮಕ್ಕಳು ಒರೆಸಿಕೊಳ್ಳುವ ಹಾಗೆ, ಎರಡೂ ಕೈಯನ್ನು ತನ್ನ ಎದೆಗೇ ಒರೆಸಿಕೊಂಡ.

ಒರೆಸಿದ ಮೇಲೆ ಕೆಳಗೆ ನೋಡಿಕೊಂಡ. ಬಿಳಿ ಅಂಗಿಯ ಮೇಲೆ ಎರಡು ಬೂದು ಪಟ್ಟೆ.

“ಮೇಸ್ತ್ರೀ!” ಎಂದು ಕೂಗಿದ. ಮೇಸ್ತ್ರಿ ಜಗಲಿಯಲ್ಲಿದ್ದ. ಬಾಗಿಲ ತುಂಬ ಜೂಲುಗಳು ಅಡ್ಡವಿದ್ದವು. ಅವುಗಳ ನಡುವೆ ತೂರಿಕೊಂಡು ಬರಲು ಅವನು ಸಿದ್ಧನಿರಲಿಲ್ಲ. ಅಲ್ಲಿಂದಲೇ, “ಬಂದೆ ಧಣೀ,” ಎಂದ.

ಸೊಸೆ ಮೇಜಿನ ಮೇಲಿದ್ದ ಕಪ್ಪು ಪೆನ್ನು ಎತ್ತಿಕೊಂಡಳು. ಒಂದು ಹೆಜ್ಜೆ ಮುಂದೆ ಬಂದಳು. ಧಣಿ ಒಂದು ಹೆಜ್ಜೆ ಹಿಂದೆ ಹೋದ. ಕೈ ಎತ್ತಿದ, ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ, ಮುಟ್ಟಬೇಕಾದಲ್ಲೆಲ್ಲ ಗ್ರೀಸಿತ್ತು. ಇನ್ನೊಂದು ಹೆಜ್ಜೆ. ಇನ್ನೊಂದು. ಅವನ ಬೆನ್ನಿಗೆ ಗೋಡೆ ತಾಗಿತು.

“ಅಲ್ಲಾಡಬೇಡಿ ಧಣಿ,” ಎಂದಳು. “ಲೆಕ್ಕ ತಪ್ಪುತ್ತೆ.”

ಅವನ ಎದೆಯ ಮೇಲೆ ಚೌಕ ಗೀಚಿದಳು. ಪೆನ್ನು ಜಾರಿತು, ಒತ್ತಿ ಗೀಚಿದಳು. ಆಮೇಲೆ ಭೂತಗನ್ನಡಿ ಇಲ್ಲದೆ, ಬರಿಗಣ್ಣಲ್ಲಿ, ಮುಖ ಹತ್ತಿರ ತಂದಳು. ಅವನು ಕತ್ತನ್ನು ಪಕ್ಕಕ್ಕೆ ತಿರುಗಿಸಿ ಕಣ್ಣು ಮುಚ್ಚಿದ. ಉಸಿರು ಬಿಗಿಹಿಡಿದಿದ್ದ.

“ಒಂದು,” ಎಂದಳು ಸೊಸೆ. “ಎರಡು. ಮೂರು.”

ಅವಳ ದನಿ ಅಷ್ಟು ಜೋರಾಗಿ ಸಾಲುಮನೆಯವರು ಯಾರೂ ಕೇಳಿರಲಿಲ್ಲ. ಹತ್ತರ ಹೊತ್ತಿಗೆ ಕುಳ್ಳಿ ಸೇರಿಕೊಂಡಳು, ಹದಿನೈದಕ್ಕೆ ಬಾಗಿಲಲ್ಲಿದ್ದವರು. ಅತ್ತೆ ಮೇಜಿನ ಹತ್ತಿರ ಹೋಗಿ, ತಟ್ಟೆಯ ಮೇಲೆ ಮುಚ್ಚಿದ್ದ ಫಾರಂ ಎತ್ತಿದಳು. ಅಡಿಗೆ ಅಂಟಿದ್ದ ಅಗುಳುಗಳನ್ನು ಹೆಬ್ಬೆರಳಲ್ಲಿ ಸವರಿ ತೆಗೆದು, ಸಾಹೇಬನ ಮುಂದೆ ನೆಟ್ಟಗೆ ಹರಡಿದಳು.

“ಬರ್ಕೊಳ್ಳಿ ಸಾರ್,” ಎಂದಳು. “ಪೆನ್ನು ಈಗ ಕೊಡ್ತಾಳೆ.”

ಸಾಹೇಬ ಬಾಯಿ ಒರೆಸಿಕೊಳ್ಳುತ್ತಲೇ ಇದ್ದ.

“ಇಪ್ಪತ್ತೇಳು. ಇಪ್ಪತ್ತೆಂಟು,” ಎಂದರು ಎಲ್ಲರೂ ಸೇರಿ. ಸೊಸೆ ಒಂದು ಗಳಿಗೆ ನಿಂತು, ತನ್ನ ಎದೆಯ ಮೇಲಿನ ಚೌಕ ನೋಡಿಕೊಂಡಳು, ಮತ್ತೆ ಅವನ ಎದೆಗೆ ಬಗ್ಗಿದಳು.

“ಇಪ್ಪತ್ತೊಂಬತ್ತು,” ಎಂದಳು. ಚೌಕ ಇನ್ನೂ ಅರ್ಧವೂ ಮುಗಿದಿರಲಿಲ್ಲ.